ಜಾಡಿಯೊಳಗಿನ ಲೆಕ್ಕ

ಮಕ್ಕಳೇ, ಈ ವಾರ ಒಂದು ಪದದಿಂದ ಶುರು ಮಾಡೋಣ. ಉಪ್ಪಿನಕಾಯಿ. ಬಿಡಿಸಿ ಹೇಳಿ ನೋಡೋಣ: ಉಪ್ಪಿನ, ಕಾಯಿ. ಎಣ್ಣೆಯ ಹೆಸರಿಲ್ಲ, ಖಾರದ ಹೆಸರಿಲ್ಲ, ಸಾಸಿವೆಯ ಹೆಸರೂ ಇಲ್ಲ. ಕಾಯಿಯನ್ನು ಕಾಪಾಡುವುದು ಯಾವುದೋ ಅದರ ಹೆಸರು ಮಾತ್ರ ಇದೆ. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಸುಮಾರು 500 ವರ್ಷಗಳ ಹಿಂದೆ, ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೂ ಮುಂಚಿನಿಂದ ನಮ್ಮವರು ಕಾಯಿಯನ್ನು ಉಪ್ಪಿಗೆ ಹಾಕುತ್ತಿದ್ದರು. 1594ರಲ್ಲಿ ಗುರುಲಿಂಗ ದೇಶಿಕ ಎಂಬ ಕವಿ ಬರೆದ ‘ಲಿಂಗಪುರಾಣ’ದಲ್ಲಿ 50 ಬಗೆಯ ಉಪ್ಪಿನಕಾಯಿಗಳ ವಿವರ ಇದೆಯೆಂದು ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ ಅವರು ಹೇಳಿದ್ದಾರೆ. ನಿಮ್ಮ ಮನೆಯಲ್ಲಿ ಎಷ್ಟು ಬಗೆ ಮಾಡುತ್ತಾರೆ? ಬೆರಳು ಮಡಿಸಿ ಎಣಿಸಿ. ಹತ್ತು ದಾಟಿದರೆ ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಇನ್ನೊಂದು ಪದ ನೋಡಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಯಾವ ಬಡಾವಣೆಗೆ ಹೋದರೂ ‘ಕಾಂಡಿಮೆಂಟ್ಸ್’ ಎಂದು ಬೋರ್ಡು ಹಾಕಿದ ಪುಟ್ಟ ಅಂಗಡಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಅದರ ಅರ್ಥ ಊಟಕ್ಕೆ ನಂಚಿಕೊಳ್ಳುವ ಪದಾರ್ಥ ಅಂತ. ನಮ್ಮ ಬೆಂಗಳೂರಿನಲ್ಲಿ ಆ ಪದ ದೊಡ್ಡ ಸಂಸಾರ ಹೂಡಿದೆ. ಉಪ್ಪಿನಕಾಯಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇರಲಿ, ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಕಾಂಡಿಮೆಂಟ್ಸೇ. ಇಂಥ ಅಂಗಡಿಯ ಗಾಜಿನ ಡಬ್ಬಿಗಳ ಹಿಂದೆ ಎಷ್ಟೋ ಸಲ ಯಾವುದೋ ಮನೆಯ ಅಡುಗೆಮನೆ ಇರುತ್ತದೆ, ಒಂದು ತಾರಸಿ ಇರುತ್ತದೆ, ಕಾಗೆ ಓಡಿಸಲು ಕೋಲು ಹಿಡಿದು ಕೂತ ಒಬ್ಬ ತಾತ ಇರುತ್ತಾರೆ. ವಿಜಯನಗರದಲ್ಲಿರುವ ನನ್ನ ತಂಗಿಯ ಮನೆಯೂ ಅಂಥದ್ದೇ ಒಂದು. ಕೋಲು ಹಿಡಿಯುವ ತಾತ ಮಾತ್ರ ಈಗ ಇಲ್ಲ. ಅವರು ಹೋದ ಮೇಲೆಯೇ ಅವಳು ಈ ಕೆಲಸಕ್ಕೆ ಕೈಹಾಕಿದ್ದು. ಕಾಗೆ ಓಡಿಸುವ ಪಾಳಿ ಈಗ ಮೊಮ್ಮಗಳದ್ದು.

ತಂಗಿಯ ವಿಷಯಕ್ಕೆ ಬರುವ ಮೊದಲು ಸ್ವಲ್ಪ ದೂರ ಹೋಗಿ ಬರೋಣ, ಫಿಲಿಪ್ಪೀನ್ಸ್ ದ್ವೀಪಗಳಿಗೆ. ಅಟ್ಲಾಸ್ ತೆಗೆದು ಹುಡುಕಿ. ಅಲ್ಲಿನವರು ಪರಂಗಿಕಾಯಿಯನ್ನು ತುರಿದು, ಶುಂಠಿ, ಬೆಳ್ಳುಳ್ಳಿ, ಸಕ್ಕರೆ ಸೇರಿಸಿ, ವಿನೆಗರ್‌ನಲ್ಲಿ ನೆನೆಹಾಕಿ ಬಾಟಲಿಗೆ ತುಂಬುತ್ತಾರೆ. ಅದರ ಹೆಸರೇನು ಗೊತ್ತೇ? ‘ಅಚಾರ’! ಹಿಂದಿಯವರ ‘ಅಚಾರ್’ ಪದವೇ ವ್ಯಾಪಾರಿಗಳ ಬಾಯಲ್ಲಿ ಮಲಯ ದೇಶ ದಾಟಿ ಅಲ್ಲಿಯವರೆಗೆ ಹೋಗಿದೆ. ನಮ್ಮಲ್ಲಿ ಉಪ್ಪು ಮಾಡುವ ಕೆಲಸವನ್ನು ಅಲ್ಲಿ ತೆಂಗಿನ, ತಾಳೆಯ ವಿನೆಗರ್ ಮಾಡುತ್ತದೆ.

ಆ ದೇಶದಲ್ಲಿ ಮರಿಯಾ ಒರೋಸಾ ಎಂಬ ವಿಜ್ಞಾನಿ ಇದ್ದರು. ಅಮೆರಿಕಕ್ಕೆ ಹೋಗಿ ರಸಾಯನಶಾಸ್ತ್ರ ಓದಿದರು. ಓದಿನ ಖರ್ಚಿಗಾಗಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದರು. 1922ರಲ್ಲಿ ಊರಿಗೆ ಮರಳಿ, ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರಿಗೆ ಹಣ್ಣು ತರಕಾರಿ ಕೆಡದಂತೆ ಇಡುವುದನ್ನು ಕಲಿಸಿದರು. ಕರೆಂಟಿಲ್ಲದ ಮನೆಗಳಿಗಾಗಿ ಮಣ್ಣಿನ ಮಡಕೆಯಲ್ಲೇ ಒಲೆ ರೂಪಿಸಿದರು. ಅಲ್ಲಿ ಟೊಮ್ಯಾಟೊ ದುರ್ಲಭ, ಬಾಳೆ ಬೇಕಾದಷ್ಟು. ಹಾಗಾಗಿ ಬಾಳೆಹಣ್ಣಿನಿಂದ ಕೆಚಪ್ ಮಾಡಿ ತೋರಿಸಿದರು. ಇವತ್ತಿಗೂ ಅಲ್ಲಿನ ಮನೆಮನೆಯಲ್ಲಿ ಬಾಳೆಹಣ್ಣಿನ ಕೆಚಪ್ ಇದೆ. ಎರಡನೇ ಮಹಾಯುದ್ಧದಲ್ಲಿ ಸೋಯಾ ಅವರೆಯಿಂದ ಪುಷ್ಟಿಯ ಪುಡಿಯೊಂದನ್ನು ಮಾಡಿದರು. ಅದು ಜಪಾನೀಯರ ಸೆರೆಶಿಬಿರಗಳಿಗೆ ಗುಟ್ಟಾಗಿ ತಲುಪಿ ಎಷ್ಟೋ ಜನರ ಜೀವ ಉಳಿಸಿತು. 1945ರ ಫೆಬ್ರವರಿಯಲ್ಲಿ, ಮನಿಲಾ ನಗರದ ಮೇಲೆ ಗುಂಡಿನ ಮಳೆ ಸುರಿಯುತ್ತಿದ್ದಾಗಲೂ ಅವರು ಊರು ಬಿಡಲಿಲ್ಲ. ಆ ಕಾಳಗದಲ್ಲೇ ತೀರಿಕೊಂಡರು. ಉಪ್ಪಿನಕಾಯಿ, ಕೆಚಪ್ಪು ಎಂದರೆ ಸಣ್ಣ ವಿಷಯ ಅನ್ನಿಸಿದಾಗ ಈ ತಾಯಿಯನ್ನು ನೆನೆಯಿರಿ.

ಈಗ ಒಂದು ಪ್ರಯೋಗ. ಸೌತೆಕಾಯಿಯ ನಾಲ್ಕು ಬಿಲ್ಲೆ ಹೆಚ್ಚಿ, ಮೇಲೆ ಉಪ್ಪು ಉದುರಿಸಿ, ಕಾಲು ಗಂಟೆ ಬಿಡಿ. ತಟ್ಟೆಯಲ್ಲಿ ನೀರು ನಿಂತಿರುತ್ತದೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಕ್ಕೆ ಎಳೆಯಿತು. ಕಾಯಿಯನ್ನು ಕೊಳೆಸಲು ಬರುವ ಸೂಕ್ಷ್ಮಜೀವಿಗಳ ಗತಿಯೂ ಇದೇ. ಅವುಗಳ ಮೈಯ ನೀರನ್ನೂ ಉಪ್ಪು ಎಳೆದುಬಿಡುತ್ತದೆ, ಅವು ಬೆಳೆಯಲಾರವು. ಹುಳಿ ಎರಡನೆಯ ಕಾವಲುಗಾರ. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆದು ಬೂಷ್ಟು ಕಟ್ಟದಂತೆ ನೋಡಿಕೊಳ್ಳುತ್ತದೆ. ಆದರೆ ಎಣ್ಣೆಯೊಂದನ್ನೇ ನಂಬಬಾರದು. ಗಾಳಿ ಇಲ್ಲದ ಕಡೆಯೇ ಬೆಳೆದು ವಿಷ ಉಂಟುಮಾಡುವ ಒಂದು ಜಾತಿಯ ರೋಗಾಣು ಇದೆ. ಉಪ್ಪು, ಹುಳಿ ಸಾಕಷ್ಟಿದ್ದರೆ ಮಾತ್ರ ಅದು ತಲೆ ಎತ್ತುವುದಿಲ್ಲ. ಒದ್ದೆ ಸೌಟು ಹಾಕಿದರೆ ಅಜ್ಜಿ ಗದರುವುದು ಇದಕ್ಕೇ. ಒಂದೊಂದು ಹನಿ ನೀರೂ ಉಪ್ಪಿನ ಬಲ ತಗ್ಗಿಸುತ್ತದೆ. (ಬಿ.ಪಿ. ಇರುವ ಅಜ್ಜಂದಿರೇ, ಉಪ್ಪಿನ ಹೊಗಳಿಕೆ ಜಾಡಿಗೆ ಮಾತ್ರ. ನೀವು ನಾಲಿಗೆಗೆ ಮುಟ್ಟಿಸಿ ಬಿಡಿ.)

ನನ್ನ ತಂಗಿಯ ಕೈಯ ಮಿಡಿ ಉಪ್ಪಿನಕಾಯಿಗೆ ನಮ್ಮ ಕಡೆ ಹೆಸರು. ಮಿಡಿ ಬರುವುದು ಮಲೆನಾಡಿನಿಂದ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಹೊಳೆದಂಡೆಯ ಕಾಡುಮಾವಿನ ಮರಗಳಲ್ಲಿ ಬಿಡುವ ಅಪ್ಪೆಮಿಡಿ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ಪೆಟ್ಟು ತಿಂದ ಒಂದು ಮಿಡಿ ಇಡೀ ಜಾಡಿಯನ್ನು ಕೆಡಿಸುತ್ತದೆ. ತೊಟ್ಟಿನ ಸೊನೆಯೇ ಅದರ ಪರಿಮಳ. ಕಲ್ಲುಪ್ಪಿನಲ್ಲಿ ಹಾಕಿ ದಿನವೂ ಅಲುಗಿಸುತ್ತ ಬಂದರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ, ಅಜ್ಜಿಯ ಕೈಬೆರಳಿನ ಹಾಗೆ. ಆಮೇಲೆ ಸಾಸಿವೆ, ಅರಿಸಿನ, ಬ್ಯಾಡಗಿ ಮೆಣಸಿನಕಾಯಿ ಅರೆದು ಕೂಡಿಸುವುದು.

ಈ ಕೆಲಸ ಶುರು ಮಾಡಿದಾಗ ಅವಳ ಲೆಕ್ಕ ಹೀಗಿತ್ತು. ನೀವೂ ಪೆನ್ಸಿಲ್ ಹಿಡಿಯಿರಿ. ಒಂದು ಸಲಕ್ಕೆ 20 ಬಾಟಲಿ. ಮಿಡಿಗೆ 1,200 ರೂಪಾಯಿ. ಉಪ್ಪು, ಖಾರ, ಸಾಸಿವೆ, ಎಣ್ಣೆಗೆ 500. ಬಾಟಲಿ, ಮುಚ್ಚಳ, ಚೀಟಿಗೆ 300. ಗ್ಯಾಸು, ಆಟೋಗೆ 200. ಒಟ್ಟು 2,200. ಬಾಟಲಿಗೆ 110 ಬಿತ್ತು. ಅವಳು 150ಕ್ಕೆ ಮಾರುತ್ತಿದ್ದಳು. 800 ರೂಪಾಯಿ ಲಾಭ ಅಂತ ಸಂತೋಷಪಡುತ್ತಿದ್ದಳು.

ಏಳನೇ ಕ್ಲಾಸಿನ ಮೊಮ್ಮಗಳು ಆ ಪುಸ್ತಕ ನೋಡಿ, “ಅಜ್ಜಿ, ನಿನ್ನ ಕೂಲಿ ಯಾವ ಸಾಲಿನಲ್ಲಿದೆ?” ಅಂದಳು.

“ನನಗೆಂಥ ಕೂಲಿ? ಮನೆ ಕೆಲಸ ತಾನೇ” ಅಂದಳು ತಂಗಿ.

ಹುಡುಗಿ ಬಿಡಲಿಲ್ಲ. ಒಂದು ವಾರ ಗೋಡೆ ಗಡಿಯಾರ ನೋಡಿ ಬರೆದಿಟ್ಟಳು. ಮಿಡಿ ಆರಿಸಿ ತೊಳೆದು ಒರೆಸಲು, ಬಾಟಲಿ ಕುದಿಸಿ ಒಣಗಿಸಲು, ಖಾರ ಅರೆಯಲು, ತುಂಬಲು, ಅಂಗಡಿಗೆ ಕೊಟ್ಟು ಬರಲು, ಎಲ್ಲ ಸೇರಿ 20 ಗಂಟೆ. 800ನ್ನು 20ರಿಂದ ಭಾಗಿಸಿದರೆ ಗಂಟೆಗೆ 40 ರೂಪಾಯಿ. “ದೊಡ್ಡಜ್ಜಿ, ನೀವೇ ಹೇಳಿ, ಇದು ಸರಿಯಾ?” ಅಂತ ನನ್ನ ಹತ್ತಿರ ಪಂಚಾಯಿತಿ ತಂದಳು. ನಾನು ಮೇಷ್ಟ್ರಾಗಿದ್ದವಳು, ಲೆಕ್ಕ ಸರಿಯಿದೆ ಅಂತ ಸಹಿ ಹಾಕಿದೆ. ಬೆಲೆ 190 ಆಯಿತು. ಗಂಟೆಗೆ ಎಷ್ಟು ಬಿತ್ತು, ನೀವು ಹೇಳಿ. ಗೊಣಗಿದವರು ಇದ್ದರು, ಬಿಟ್ಟುಹೋದವರೂ ಇದ್ದರು. ಹೆಚ್ಚಿನವರು ಉಳಿದರು.

ಮಾರುವ ಮೊದಲು ಕಾನೂನಿನ ಕೆಲಸವೂ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ, ಮನೆಯಲ್ಲೇ ಮಾಡಿ ಮಾರಿದರೂ ಹೆಸರು ನೋಂದಾಯಿಸಬೇಕು. ಆಗ 14 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ನಿಮ್ಮ ಮನೆಯ ಯಾವುದೇ ಜಾಮ್ ಬಾಟಲಿ ತಿರುಗಿಸಿ, ಆ ಸಂಖ್ಯೆ ಕಾಣುತ್ತದೆ. ಜೊತೆಗೆ ಏನೇನು ಹಾಕಿದೆ, ಎಷ್ಟು ತೂಕ, ಯಾವಾಗ ಮಾಡಿದ್ದು, ಯಾವಾಗಿನ ತನಕ ಚೆನ್ನಾಗಿರುತ್ತದೆ, ಮಾಡಿದವರ ವಿಳಾಸ, ಸಸ್ಯಾಹಾರವಾದರೆ ಚೌಕದೊಳಗೆ ಹಸಿರು ಚುಕ್ಕೆ. ತಂಗಿಯ ಬಾಟಲಿಯ ಚೀಟಿಯಲ್ಲಿ ಇದಿಷ್ಟನ್ನೂ ಬರೆಯುವುದು ಮೊಮ್ಮಗಳ ಕೆಲಸ. ಶಾಸ್ತ್ರೀಯವಾಗಿ ಕಲಿಯಬೇಕೆನ್ನುವವರಿಗೆ ಮೈಸೂರಿನಲ್ಲಿ 1950ರಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಇದೆ, ಆಹಾರ ಕೆಡದಂತೆ ಇಡುವ ವಿದ್ಯೆಯೇ ಅಲ್ಲಿನ ಕಸುಬು.

ಈ ವರ್ಷ ಮದುವೆಯ ಮನೆಯೊಂದು ತಾಂಬೂಲದ ಚೀಲಕ್ಕೆ ಹಾಕಲು 60 ಬಾಟಲಿ ಮಿಡಿ ಉಪ್ಪಿನಕಾಯಿ ಕೇಳಿತು. ಇಷ್ಟು ದೊಡ್ಡ ಆರ್ಡರ್ ಅವಳಿಗೆ ಹಿಂದೆ ಬಂದಿರಲಿಲ್ಲ. ಆ ದುಡ್ಡು ಮೊಮ್ಮಗಳ ಶಾಲೆಯ ಮೊದಲ ಕಂತಿಗೆ ಅಂತ ಅವಳು ಎತ್ತಿಟ್ಟುಕೊಂಡೇ ಬಿಟ್ಟಿದ್ದಳು, ಮನಸ್ಸಿನಲ್ಲಿ. ಮದುವೆಗೆ ಮೂರು ದಿನ ಇದ್ದಾಗ ಫೋನ್ ಬಂತು. “ಅಕ್ಕಾ, ಸ್ವಲ್ಪ ಬಂದು ಹೋಗೇ.”

ಹೋದೆ. ಎರಡು ಜಾಡಿ ಚೆನ್ನಾಗಿದ್ದವು. ಮೂರನೆಯದರ ಮೇಲೆ ಬಿಳಿ ಕೆನೆ ಕಟ್ಟಿತ್ತು, ಗುಳ್ಳೆ ಏಳುತ್ತಿತ್ತು. ಮಿಡಿ ಒತ್ತಿದರೆ ಮೆತ್ತಗೆ. ಜಾಡಿಯ ತಳದಲ್ಲಿ ತೇವ ಉಳಿದಿರಬೇಕು. ಆ ವಾರ ಸಂಜೆ ಸಂಜೆ ಮಳೆ ಬರುತ್ತಿತ್ತು, ಬಿಸಿಲು ಸಾಲದಾಗಿತ್ತು. ಅವಳ ಮಗ ಹೇಳಿದ, “ಅಮ್ಮ, ಮೇಲಿನದು ತೆಗೆದುಹಾಕಿ ಇನ್ನಷ್ಟು ಖಾರ, ಎಣ್ಣೆ ಕೂಡಿಸಿದರೆ ಯಾರಿಗೂ ಗೊತ್ತಾಗಲ್ಲ.” ಅವನೇನು ಕೆಟ್ಟವನಲ್ಲ. ಫೀಸು ಕಟ್ಟುವ ತಾರೀಖು ಅವನಿಗೂ ಗೊತ್ತಿತ್ತು.

ತಂಗಿ ಸ್ವಲ್ಪ ಹೊತ್ತು ಜಾಡಿಯನ್ನೇ ನೋಡಿದಳು. “ಯಾರ ಮನೆ ಮಗು ಮೊಸರನ್ನದ ಜೊತೆ ತಿನ್ನುತ್ತೋ ಏನೋ” ಅಂದಳು. ಇಡೀ ಜಾಡಿಯನ್ನು ಬಕೆಟ್ಟಿಗೆ ಸುರಿದಳು. ಉಪ್ಪು ಗಿಡದ ಬುಡಕ್ಕೆ ಆಗದು, ಹಾಗಾಗಿ ಬೆಳಗ್ಗೆ ಬರುವ ಹಸಿಕಸದ ಗಾಡಿಗೆ ಹಾಕಿದಳು. ಆಮೇಲೆ ಮದುವೆಮನೆಗೆ ತಾನೇ ಫೋನ್ ಮಾಡಿ, “38 ಕೊಡಬಲ್ಲೆ, ಉಳಿದದ್ದು ಕೆಟ್ಟಿದೆ” ಅಂತ ಹೇಳಿದಳು. ಆ ಕಡೆಯವರಿಗೆ ಬೇಸರವಾಯಿತು, ಎರಡು ಮಾತು ಅಂದರು. ಅವರ ತಾಪತ್ರಯ ಅವರಿಗೆ. ಉಳಿದದ್ದನ್ನು ಅಂಗಡಿಯಿಂದ ತಂದುಕೊಂಡರು.

22 ಬಾಟಲಿ, ತಲಾ 190. ಒಟ್ಟು 4,180 ರೂಪಾಯಿ ಬರಲಿಲ್ಲ. ತಂಗಿ ಚೀಟಿ ಕಡಿಮೆಗೆ ಕೂಗಿ ಎತ್ತಿ ಫೀಸು ಕಟ್ಟಿದಳು. ಮದುವೆಮನೆಯವರು ಮತ್ತೆ ಫೋನ್ ಮಾಡಿಲ್ಲ. ಮಾಡುತ್ತಾರೋ ಇಲ್ಲವೋ, ಗೊತ್ತಿಲ್ಲ. ಮೊಮ್ಮಗಳು ಮಾತ್ರ ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಸಾಲು ಹಾಕಿದ್ದಾಳೆ: ‘ಕೆಟ್ಟರೆ ಇರಲಿ ಎಂದು.’ ಪ್ರತಿ ಬಾಟಲಿಯಿಂದ 5 ರೂಪಾಯಿ ಆ ಸಾಲಿಗೆ. ದೊಡ್ಡ ಕಂಪನಿಗಳೂ ಮಾಡುವುದು ಇದನ್ನೇ.

ಹೆಂಗಸರ ಇಂಥ ಲೆಕ್ಕದ ಪುಸ್ತಕ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು, ತಾರಸಿಯ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ದಾನ ತೆಗೆದುಕೊಳ್ಳುವುದಿಲ್ಲ ಅಂತ ಆಗಲೇ ತೀರ್ಮಾನಿಸಿದ್ದರು. ಅದೇ ಲಿಜ್ಜತ್ ಪಾಪಡ್. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಈ ವಾರದ ಕೆಲಸ ಇಷ್ಟು. ಅಜ್ಜಿಯ ಹತ್ತಿರ ಒಂದು ಉಪ್ಪಿನಕಾಯಿಯೋ ಗೊಜ್ಜೋ ಚಟ್ನಿಪುಡಿಯೋ ಮಾಡುವುದನ್ನು ಕೇಳಿ ಬರೆದುಕೊಳ್ಳಿ. “ಒಂದು ಹಿಡಿ ಉಪ್ಪು” ಅಂದರೆ ಅಲ್ಲಿಗೇ ಬಿಡಬೇಡಿ. ಅವರ ಕೈಯಿಂದಲೇ ಒಂದು ಹಿಡಿ ಹಾಕಿಸಿ, ತಕ್ಕಡಿಯಲ್ಲಿ ತೂಗಿ, ಎಷ್ಟು ಗ್ರಾಂ ಅಂತ ಪಕ್ಕದಲ್ಲಿ ಬರೆಯಿರಿ. ನಿಮ್ಮ ಹಿಡಿಯನ್ನೂ ತೂಗಿ. ವ್ಯತ್ಯಾಸ ನೋಡಿದರೆ ನಿಮಗೆ ನಗು ಬರುತ್ತದೆ, ಆದರೆ ನಾಳೆ ಆ ರುಚಿ ಬೇಕೆಂದಾಗ ಕೆಲಸಕ್ಕೆ ಬರುವುದು ಆ ಅಂಕಿಯೇ.

ಅಜ್ಜ, ಅಜ್ಜಿಯರಿಗೆ ಒಂದು ಮಾತು. ಪಕ್ಕದ ಮನೆಯವರು ಮಾಡಿದ ಹಪ್ಪಳವನ್ನೋ ಉಪ್ಪಿನಕಾಯಿಯನ್ನೋ ಕೊಳ್ಳುವಾಗ, “ಮನೇಲಿ ಮಾಡಿದ್ದಕ್ಕೆ ಇಷ್ಟಾ?” ಅನ್ನಬೇಡಿ. ಮನೆಯಲ್ಲಿ ಮಾಡಿದ್ದರಿಂದಲೇ ಅಷ್ಟು.