ಸರ್ವರಿಗೆ ಎಸಿ, ಮದ್ದಿಗೆ ತಗಡು

ನಮ್ಮ ಆಫೀಸಿನ ಸರ್ವರ್ ರೂಮು 27 ಡಿಗ್ರಿ ದಾಟಿದರೆ ಸಾಕು, ರಾತ್ರಿ ಎರಡು ಗಂಟೆಗೂ ನನ್ನ ಫೋನು ಬಡಕೊಳ್ತದೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಹುನಗುಂದದ ಕಡೆ ಒಂದು ಜಲ್ಲಿ ಕ್ವಾರಿಯ ಮದ್ದಿನ ಕೋಣೆ ನೋಡಿದೆ. ಮೇಲೆ ತಗಡು. ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. "ಒಳಗ ಎಷ್ಟು ಡಿಗ್ರಿ ಇರತೈತಿ ಕಾಕಾ?" ಅಂದೆ. ಕಾವಲಿನ ಹಿರಿಯರು ನಕ್ಕರು. "ಅದನ್ಯಾರು ನೋಡತಾರಪಾ? ಕೀಲಿ ಹಾಕೇತಲ್ಲ."

ಕೀಲಿ! ಮದ್ದು ಅಂದರೆ ನಮಗೆ ಕಳ್ಳತನದ ಭಯ ಒಂದೇ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರುತಿಂಗಳು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಎರಡೂ ಕಡೆ ಹೆಣ ಬಿದ್ದ ಮೇಲೆ ಟೀವಿಯವರು ಅಕ್ರಮ ದಾಸ್ತಾನು ಅಂತ ಕೂಗಿದರು. ಕೂಗಬೇಕಾದ್ದೇ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಬಿಸಿಲು ತಗಡಿನೊಳಗೆ ಇಳಿಯದೆ ಬಿಡುತ್ತದೆಯೇ?

ಕ್ವಾರಿ ಮದ್ದಿನ ಮುಖ್ಯ ಸರಕು ಅಮೋನಿಯಂ ನೈಟ್ರೇಟ್. ಸುಮಾರು 32 ಡಿಗ್ರಿಯಲ್ಲಿ ಅದರ ಹರಳಿನ ರಚನೆಯೇ ಬದಲಾಗುತ್ತದೆ, ಕಾಳು ಉಬ್ಬುತ್ತದೆ. ತಣ್ಣಗಾದರೆ ಮತ್ತೆ ಕುಗ್ಗುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ 32 ಅಂದರೆ ಬೆಳಗಿನ ಚಹಾದ ಹೊತ್ತು, ಮಾರಾಯ್ರೆ! ಹಗಲು ದಾಟು, ರಾತ್ರಿ ಇಳಿ. ಹೀಗೇ ನಡೆದರೆ ಕಾಳು ಪುಡಿಯಾಗುತ್ತದೆ, ತೇವ ಹೀರಿ ಹೆಂಟೆ ಕಟ್ಟುತ್ತದೆ.

ಕೋಣೆಯೇ ಹಾರಿಹೋಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ನನ್ನ ಹೆದರಿಕೆ ಅದರ ಉಲ್ಟಾ: ಕೆಟ್ಟ ಮದ್ದು ಸಿಡಿಯಬೇಕಾದಾಗ ಪೂರ್ತಿ ಸಿಡಿಯುವುದಿಲ್ಲ. ತೂತಿನೊಳಗೇ ಉಳಿಯುತ್ತದೆ. ಮರುದಿನ ದಿನಗೂಲಿಯ ಹುಡುಗ ಅದರ ಪಕ್ಕದಲ್ಲೇ ಡ್ರಿಲ್ ಇಳಿಸುತ್ತಾನೆ. ಅವನಿಗೆ ಅಲರ್ಟ್ ಕಳಿಸೋರು ಯಾರು?

ಎಸಿ ಕೇಳುತ್ತಿಲ್ಲ. ಮದ್ದಿನ ಹತ್ತಿರ ಕರೆಂಟೇ ಇನ್ನೊಂದು ಅಪಾಯ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದವರು ಇಟ್ಟಿಗೆ ಗಾರೆಯ ಮದ್ದಿನ ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟಿದ್ದರು. ಅಂಥ ಒಂದು ಖಾಲಿ ಮನೆಯನ್ನು 2017ರಲ್ಲಿ ರೈಲು ಹಳಿಗಾಗಿ ಇಡಿಯಾಗಿ ಪಕ್ಕಕ್ಕೆ ಸರಿಸಿದೆವು. ಖಾಲಿಯದಕ್ಕೆ ಅಷ್ಟು ಜತನ! ಬಾದಾಮಿ ಗುಹೆಯೊಳಗೆ ಮಧ್ಯಾಹ್ನ ನಿಂತವರಿಗೆ ದಪ್ಪ ಕಲ್ಲು ಏನು ಮಾಡುತ್ತದೆ ಅಂತ ಗೊತ್ತು. ನಮ್ಮೂರಿನ ಮಣ್ಣಿನ ಮಾಳಿಗೆ ಮನೆಗಳಿಗೂ ಗೊತ್ತಿತ್ತು. ದಪ್ಪ ಗೋಡೆ, ಗಾಳಿ ಆಡುವ ಎರಡು ಪದರದ ಮಾಡು, ಸುಣ್ಣ. ಜೊತೆಗೆ ದಿನದ ಗರಿಷ್ಠ ಕನಿಷ್ಠ ತೋರಿಸುವ, ಕರೆಂಟ್ ಬೇಡದ ಥರ್ಮಾಮೀಟರು. ನಿಮ್ಮ ಹೆಡ್‌ಫೋನಿಗಿಂತ ಅಗ್ಗ. ದಾಸ್ತಾನು ಪುಸ್ತಕದಲ್ಲಿ ಮದ್ದಿನ ಲೆಕ್ಕದ ಪಕ್ಕ ಅದಕ್ಕೂ ಒಂದು ಕಾಲಂ ಇರಲಿ, ತಪಾಸಣೆಗೆ ಬಂದವರು ಅದನ್ನೂ ಕೇಳಲಿ.

ಆ ಜಲ್ಲಿಯಿಂದಲೇ ನಮ್ಮ ಫ್ಲಾಟು, ಟೆಕ್ ಪಾರ್ಕು ಎದ್ದಿದ್ದು. ಬುಕಿಂಗ್ ಮಾಡುವಾಗ ಬಿಲ್ಡರನ್ನು ಈಜುಕೊಳದ ಬಗ್ಗೆ ಕೇಳ್ತೀರಲ್ಲ, ಜಲ್ಲಿ ಯಾವ ಕ್ವಾರಿಯದು, ಅಲ್ಲಿ ಮದ್ದು ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದರು ಅಂತಲೂ ಒಮ್ಮೆ ಕೇಳಿ ನೋಡಿ.