ರದ್ದಿ ಚೀಲಕ್ಕೆ ಯಾವುದು ಬೇಕು, ಯಾವುದು ಬೇಡ?

ಹಳೆಯ ಪತ್ರಿಕೆಗಳನ್ನು ಮಡಿಸಿಟ್ಟು ತೂಕಕ್ಕೆ ಹಾಕುವುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೇಚಾಟವೇನಿದ್ದರೂ ಉಳಿದ ಕಾಗದಗಳದ್ದು. ಮಿಠಾಯಿ ಡಬ್ಬ, ಅಂಗಡಿ ಬಿಲ್ಲು, ಮದುವೆ ಕರೆಯೋಲೆ, ಬೋಂಡದ ಪೊಟ್ಟಣ, ಎಲ್ಲಾ ಕಾಗದವೇ ಅಲ್ವೇ ಅಂತ ಒಂದೇ ಚೀಲಕ್ಕೆ ತುರುಕಿದರೆ ಕೆಟ್ಟದ್ದರ ಜೊತೆ ಒಳ್ಳೆಯದೂ ಹಾಳು.

ಯಾಕೆ ಅಂತೀರಾ? ಕಾರ್ಖಾನೆಯಲ್ಲಿ ರದ್ದಿಯನ್ನು ನೀರಿನಲ್ಲಿ ನೆನೆಸಿ, ಹಿಟ್ಟಿನಂತೆ ಕದಡಿ, ಆ ನಾರಿನಿಂದಲೇ ಹೊಸ ಹಾಳೆ ಮಾಡುತ್ತಾರೆ. ಎಣ್ಣೆ ನೀರಿನೊಂದಿಗೆ ಬೆರೆಯುವುದಿಲ್ಲವಲ್ಲ! ಜಿಡ್ಡು ನಾರಿಗೆ ಅಂಟಿ ಹೊಸ ಹಾಳೆಯಲ್ಲಿ ಕಲೆಯಾಗುತ್ತದೆ. ಸಾರು, ಚಹಾ ಬಿದ್ದ ಕಾಗದವಂತೂ ಬೂಷ್ಟು ಹಿಡಿದು ಪಕ್ಕದ್ದನ್ನೂ ಕೆಡಿಸುತ್ತದೆ.

ರದ್ದಿಗೆ ಆಗುವಂಥವು: ಪತ್ರಿಕೆ, ನೋಟ್‌ಬುಕ್ಕು, ಲಕೋಟೆ, ರಟ್ಟಿನ ಪೆಟ್ಟಿಗೆ, ಮೊಟ್ಟೆಯ ಕಾಗದದ ಟ್ರೇ. ಪುಟ್ಟ ಪಿನ್ನಿದ್ದರೆ ಚಿಂತೆಯಿಲ್ಲ. ಸುರುಳಿ ತಂತಿ, ಪ್ಲಾಸ್ಟಿಕ್ ಹೊದಿಕೆ, ಅಂಟುಪಟ್ಟಿ ಮಾತ್ರ ಕಿತ್ತುಬಿಡಿ. ಬ್ಯಾಂಕಿನ ಖಾತೆ ನಂಬರಿರುವ ಭಾಗವನ್ನು ಹರಿದುಹಾಕಿ.

ಬೇಡವಾದವು: ಎಣ್ಣೆ ಪೊಟ್ಟಣ, ಜರಿ ಮಿಂಚಿನ ಕರೆಯೋಲೆ, ಕಾಗದದ ಲೋಟ, ಹಣ್ಣಿನ ರಸದ ಪೆಟ್ಟಿಗೆ. ಉಗುರಿನಿಂದ ಗೀಚಿದರೆ ಕಪ್ಪು ಗೆರೆ ಮೂಡುವ ಬಿಲ್ಲೂ ಬೇಡ, ಅದಕ್ಕೆ ರಾಸಾಯನಿಕ ಸವರಿರುತ್ತಾರೆ. ಲೋಟ, ರಸದ ಪೆಟ್ಟಿಗೆಯನ್ನು ತೊಳೆದು ಒಣಗಿಸಿ ಒಣ ಕಸದ ಗಾಡಿಗೆ ಕೊಡಿ.

ಅನುಮಾನ ಬಂದರೆ ಹರಿದು ನೋಡಿ. ಅಂಚಿನಲ್ಲಿ ತೆಳು ಪೊರೆ ಎಳೆದುಕೊಂಡು ಬಂದರೆ ಅದರಲ್ಲಿ ಪ್ಲಾಸ್ಟಿಕ್ ಇದೆ ಎಂದೇ ತಿಳಿಯಿರಿ.

ಬೇಡವಾದದ್ದನ್ನು ಹಂಡೆ ಒಲೆಗೆ ಹಾಕಿದರಾಯ್ತು ಎನ್ನಬೇಡಿ. ಪ್ಲಾಸ್ಟಿಕ್ ಪೊರೆ ಸುಟ್ಟ ಹೊಗೆ ವಿಷ. ಅದನ್ನು ಮೊದಲು ಕುಡಿಯುವವರು ಒಲೆ ಊದುವ ನೀವು, ಸ್ನಾನಕ್ಕೆಂದು ಪಕ್ಕದಲ್ಲಿ ನಿಂತ ಮಕ್ಕಳು.

ಇನ್ನೊಂದು ಮಾತು. ಕರಿದ ತಿಂಡಿಯ ಎಣ್ಣೆ ಹೀರಲು ಪತ್ರಿಕೆ ಹಾಸುವ ರೂಢಿ ಬಿಡಿ. ಮುದ್ರಣದ ಶಾಯಿ ತಿಂಡಿಗೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ತೂತಿನ ತಟ್ಟೆಯಲ್ಲಿ ಎಣ್ಣೆ ಬಸಿಯಿರಿ. ತಿಂಡಿಯೂ ಶುದ್ಧ, ಪತ್ರಿಕೆಯೂ ರದ್ದಿಗೆ ಉಳಿಯಿತು!

ಅಡುಗೆಮನೆ ಬಾಗಿಲ ಹಿಂದೆ ಮೊಳೆಗೊಂದು ಬಟ್ಟೆ ಚೀಲ ನೇತುಹಾಕಿ. ಒಣಗಿದ, ಜಿಡ್ಡಿಲ್ಲದ ಕಾಗದ ನೇರವಾಗಿ ಅದಕ್ಕೇ ಬೀಳಲಿ, ಸಿಪ್ಪೆಯ ಬಕೆಟ್ಟಿಗಲ್ಲ. ರದ್ದಿಯವರು ಬಂದಾಗ ಅವರ ಮುಂದೆಯೇ ಚೀಲ ಸುರಿಯಿರಿ. "ಇದರಲ್ಲಿ ಅರ್ಧ ಕಸವೇ ಅಮ್ಮಾ" ಅಂತ ಬೆಲೆ ಇಳಿಸಲು ನೆವವೇ ಇರುವುದಿಲ್ಲ.