ಗೊಬ್ಬರ ಬೇರಿಂಗೆ ಹಾಕಿ, ನೀರಿಂಗೆ ಅಲ್ಲ

ಈಗ ಜಾಲಿಲಿ ಒಂದು ನೈದಿಲೆ ಇಲ್ಲದ್ದ ಮನೆ ಕಮ್ಮಿ. ಸಿಮೆಂಟಿನ ತೊಟ್ಟಿಯೋ, ಹಳೆ ಟಬ್ಬೋ, ಹಟ್ಟಿಯ ಹತ್ತರೆ ಸುಮ್ಮನೆ ಬಿದ್ದೊಂಡಿದ್ದ ಕಲ್ಲಿನ ಮರಿಗೆಯೋ, ನೀರು ನಿಂಬದು ಏವುದಾರೂ ಒಂದು ಸಿಕ್ಕಿರೆ ಸಾಕು, ಅದರಲ್ಲಿ ಒಂದು ಗೆಡ್ಡೆ ನೆಡ್ತವು. ಒಳ್ಳೆದೇ, ನೋಡ್ಲೆ ಕೊಶಿ ಆವುತ್ತು. ಆದರೆ ಆ ಗೆಡ್ಡೆಯೊಟ್ಟಿಂಗೆ ನರ್ಸರಿಯವು ಒಂದು ಉಪದೇಶವನ್ನೂ ಕಟ್ಟಿ ಕೊಡ್ತವು. "ತಿಂಗಳಿಂಗೊಂದರಿ ಒಂದು ಚಮಚ ಡಿ.ಎ.ಪಿ. ನೀರಿಂಗೆ ಹಾಕಿ ಅಕ್ಕ, ಮತ್ತೆ ಹೂಗೇ ಹೂಗು!" ಮೊಬೈಲಿಲಿ ಬಪ್ಪ ವಿಡಿಯೋಂಗಳಲ್ಲಿಯೂ ಅದೇ ಮಾತು. ಕೆಲವು ಜೆನ ಡಿ.ಎ.ಪಿ. ಬದಲಿಂಗೆ 19:19:19 ಹೇಳ್ತವು, ಕೆಲವು ಜೆನ "ಸಾವಯವ" ಹೇಳಿ ಸಗಣ ನೀರು, ಹಿಂಡಿ ನೀರು ಎರವಲೆ ಹೇಳ್ತವು. ಎನ್ನ ಜಗಳ ಇವೆಲ್ಲೋರ ಹತ್ತರೆಯೂ ಇದ್ದು. ಇದು ಸಣ್ಣ ತಪ್ಪು ಅಲ್ಲ. ಎರಡು ಹೂಗಿನ ಆಶೆಗೆ ಇಡೀ ನೀರಿನ ಕೊಲ್ಲುವ ಕೆಲಸ.

ಮೊದಾಲು, ಆ ಗಿಡ ಉಂಬದು ಎಲ್ಲಿಂದ ಹೇಳಿ ನೋಡುವೊ. ನೈದಿಲೆಯ ಎಲೆ ನೀರಿಲಿ ತೇಲಿರೂ ಗೆಡ್ಡೆ, ಬೇರು ಮಣ್ಣಿನ ಒಳ. ಎಲೆ ಮೇಲೆ ಬಪ್ಪದು ಬೆಶಿಲಿಂಗೆ, ಗಾಳಿಗೆ. ಹೆಚ್ಚಿನ ಗಿಡಂಗೊಕ್ಕೆ ಉಸುಲು ತೆಗವ ಸಣ್ಣ ಸಣ್ಣ ಒಟ್ಟೆಗೊ ಎಲೆಯ ಅಡಿ ಹೊಡೆಲಿ ಇಪ್ಪದು, ನೈದಿಲೆಗೆ ಮೇಲಾಣ ಹೊಡೆಲಿ. ಆ ಗಾಳಿ ದಂಟಿನ ಒಳಾಣ ಕೊಳವೆಲಿ ಇಳುದು ಗೆಡ್ಡೆಗೆ ಹೋವುತ್ತು. ಒಂದು ದಂಟಿನ ಅಡ್ಡಕ್ಕೆ ಕೊಯ್ದು ನೋಡಿ, ಒಟ್ಟೆಗೊ ಕಣ್ಣಿಂಗೇ ಕಾಣುತ್ತು. ಗೊಬ್ಬರ ಎತ್ತೆಕ್ಕಾದ್ದು ಬೇರಿಂಗೆ. ಉಂಬಲೆ ಕೂದವಂಗೆ ಬಾಳೆಲೆಗೆ ಬಳುಸುದು ಬಿಟ್ಟು ತಲಗೆ ಸಾರು ಎರದರೆ ಅವನ ಹೊಟ್ಟೆ ತುಂಬುಗೊ?

ಅಂಬಗ ನೀರಿಂಗೆ ಹಾಕಿದ್ದರ ತಿಂಬದು ಆರು? ಪಾಚಿ. ಡಿ.ಎ.ಪಿ. ಚೀಲದ ಮೇಲೆ 18-46-0 ಹೇಳಿ ಬರದ್ದರ ನೋಡಿಪ್ಪಿ. ನೆಡುಗಾಣ ಆ 46 ರಂಜಕದ ಲೆಕ್ಕ. ನಿಂದ ನೀರಿಲಿ ಪಾಚಿ ಬಪ್ಪಲೆ ಹೆಚ್ಚಾಗಿ ಕೊರತೆ ಇಪ್ಪದೇ ಈ ರಂಜಕ. 1973ರಲ್ಲಿ ಕೆನಡಾಲ್ಲಿ ಡೇವಿಡ್ ಶಿಂಡ್ಲರ್ ಹೇಳುವ ವಿಜ್ಞಾನಿಯೂ ಅವರೊಟ್ಟಿಂಗಿಪ್ಪವುದೇ ಒಂದು ಕೆರೆಯ ನೆಡುಕೆ ಪರದೆ ಕಟ್ಟಿ ಎರಡು ಪಾಲು ಮಾಡಿದವು. ಒಂದು ಪಾಲಿಂಗೆ ಇಂಗಾಲ, ಸಾರಜನಕ ಮಾಂತ್ರ ಹಾಕಿದವು. ಇನ್ನೊಂದಕ್ಕೆ ಅದರೊಟ್ಟಿಂಗೆ ರಂಜಕವನ್ನೂ ಹಾಕಿದವು. ರಂಜಕ ಬಿದ್ದ ಪಾಲು ಹಸುರು ಪಾಚಿ ಕಟ್ಟಿತ್ತು, ಮತ್ತೊಂದು ಹಾಂಗೆ ಆತಿಲ್ಲೆ. ಒಂದು ದೊಡ್ಡ ಕೆರೆಯ ಕತೆಯೇ ಹೀಂಗಾದರೆ ನಮ್ಮ ಮರಿಗೆಯ ನೀರು ಎಷ್ಟರದ್ದು?

ಪಾಚಿ ಹಗಲು ಆಮ್ಲಜನಕ ಕೊಡ್ತು, ಇರುಳು ತಾನೇ ತಿಂತು. ಉದಿ ಅಪ್ಪ ಮೊದಲು ನೀರಿಲಿ ಆಮ್ಲಜನಕ ಎಲ್ಲಕ್ಕಿಂತ ಕಮ್ಮಿ. ಮೀನುಗೊ ಮೇಲೆ ಬಂದು ಬಾಯಿ ಬಾಯಿ ಬಿಡುದು ಅಂಬಗಳೇ. ಹಸಿ ಸಗಣವೋ ಯೂರಿಯವೋ ಎರದ ನೀರಾದರೆ ಅದಕ್ಕೆ ಅಮೋನಿಯವೂ ಸೇರಿತ್ತು. ಪಾಚಿ ತುಂಬಿದ ನೀರು ಬೆಶಿಲಿಂಗೆ ಕ್ಷಾರ ಅಪ್ಪಗ ಆ ಅಮೋನಿಯ ಮೀನಿಂಗೆ ಇನ್ನೂ ಹೆಚ್ಚು ವಿಷ. "ನಾಲ್ಕು ಗಪ್ಪಿ ಸತ್ತರೆ ಎಂತ, ಬೇರೆ ತಪ್ಪಲಕ್ಕು" ಹೇಳಿ ಗ್ರೇಶೆಡಿ. ಆ ಗಪ್ಪಿಗೊ ತಿಂದೊಂಡಿದ್ದದು ನುಸಿಯ ಮರಿಗಳ. ಡೆಂಗಿ ಹರಡುಸುವ ನುಸಿ ಮೊಟ್ಟೆ ಮಡುಗುದು ಮನೆ ಹತ್ತರಾಣ ಇಂಥ ನಿಂದ ನೀರಿಲಿಯೇ. ಮೊಟ್ಟೆಂದ ನುಸಿ ಆಗಿ ಹಾರ್ಲೆ ಒಂದು ವಾರ, ಹತ್ತು ದಿನ ಸಾಕು. ಹೂಗಿಂಗೆ ಹೇಳಿ ಹಾಕಿದ ಚಮಚ ಮನೆಯ ಮಕ್ಕಳ ಜ್ವರಲ್ಲಿ ಹೋಗಿ ನಿಂಬಲೂ ಸಾಕು.

ಇಷ್ಟಾದ ಮೇಲೆ ಎರಡನೆ ಉಪದೇಶ ಬತ್ತು. ಅಡಕ್ಕೆ ತೋಟ ಇಪ್ಪ ಮನೆಲಿ ಮೈಲುತುತ್ತು ಇಲ್ಲದ್ದೆ ಇರ. ಕೊಳೆರೋಗಕ್ಕೆ ನೂರು ಲೀಟರು ನೀರಿಂಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಸೇರ್ಸಿ ಬೋರ್ಡೋ ಬಿಡುಲೆ ತಂದು ಮಡುಗಿದ್ದು. "ಅದರದ್ದೇ ಒಂದು ಹರಳು ತೊಟ್ಟಿಗೆ ಹಾಕಿ, ಪಾಚಿ ಹೋವುತ್ತು" ಹೇಳ್ತವು. ಹೋವುತ್ತು, ಅಪ್ಪು. ಮೀನೂ ಹೋವುತ್ತು, ಬಸವನಹುಳವೂ ಹೋವುತ್ತು, ತಾಮ್ರ ಅವಕ್ಕೆ ವಿಷ. ಸತ್ತ ಪಾಚಿ ಕೊಳವಗ ನೀರಿಲಿ ಒಳುದ ಆಮ್ಲಜನಕವೂ ಮುಗುದತ್ತು. ಪಾಚಿ ತಿಂದ ರಂಜಕ ಎಲ್ಲಿಗೂ ಹೋಯಿದಿಲ್ಲೆ, ಕೊಳದು ತಿರುಗಿ ನೀರಿಂಗೇ ಬಂತು. ರಜ್ಜ ದಿನ ಕಳುದರೆ ಪಾಚಿ ಮದಲಾಣ ಹಾಂಗೇ. ಒಂದು ಪೊಟ್ಟಣ ಮಾರಿದವಂಗೆ ಇನ್ನೊಂದು ಬಾಟ್ಲಿ ಮಾರ್ಲೆ ದಾರಿ ಆತು, ಅಷ್ಟೆ.

"ಒಂದು ಚಮಚಲ್ಲಿ ಎಂತ ಅಕ್ಕು?" ಹೇಳುವವು ಇದ್ದವು. ನಮ್ಮ ಊರಿನ ಮಳೆಗೆ ತೊಟ್ಟಿ ತುಂಬಿ ಉಕ್ಕದ್ದೆ ಇರ್ತೊ? ಉಕ್ಕಿದ ನೀರು ಜಾಲಿಂದ ತೋಡಿಂಗೆ, ತೋಡಿಂದ ಕೆರೆಗೋ ಹೊಳೆಗೋ ಹೋಪದು. ಬೆಂಗಳೂರಿನ ಬೆಳ್ಳಂದೂರು ಕೆರೆಲಿ 2015ರಲ್ಲಿ ನೊರೆಗೆ ಕಿಚ್ಚು ಹಿಡುದತ್ತು, 2018ರ ಜನವರಿಲಿ ತಿರುಗಿ ಕಿಚ್ಚು ಎದ್ದತ್ತು. ಅಲ್ಲಿ ಬಿದ್ದದು ನೈದಿಲೆ ಗೊಬ್ಬರ ಅಲ್ಲ. ಪೇಟೆಯ ಚರಂಡಿ ನೀರು, ಸಾಬೂನು ನೀರು, ಕಾರ್ಖಾನೆಯ ನೀರು. ಆದರೆ ಆ ನೀರು ಬಿಟ್ಟವುದೇ "ನಮ್ಮದೊಂದು ಬಾಲ್ದಿಂದ ಎಂತ ಅಕ್ಕು?" ಹೇಳಿಯೇ ಗ್ರೇಶಿಕ್ಕು. ಚಮಚದ ಲೆಕ್ಕ ಕೂಡ್ಸಿರೆ ಕೆರೆಯ ಲೆಕ್ಕ ಆವುತ್ತು.

ಇದಕ್ಕೆ ಉಲ್ಟಾ ಹೇಳುವವೂ ಇದ್ದವು. "ಕೆರೆಯ ತಾವರೆಗೆ ಆರು ಗೊಬ್ಬರ ಹಾಕಿದ್ದವು? ಎಂತದೂ ಬೇಡ!" ಅವರ ಮಾತನ್ನೂ ಆನು ಒಪ್ಪೆ. ಕೆರೆಗೆ ಪ್ರತಿ ಮಳೆಗಾಲಲ್ಲಿ ಗುಡ್ಡೆಂದ ಹೊಸ ಮಣ್ಣು ಬತ್ತು, ದರಗು ಬಿದ್ದು ಕೊಳೆತ್ತು. ಕುಂಡದ ನೈದಿಲೆಗೆ ಇಪ್ಪದು ನಾಲ್ಕೈದು ಕಿಲೋ ಮಣ್ಣು, ಅದರ ಅದು ಬೇಗ ತಿಂದು ಮುಗುಶುತ್ತು. ಮತ್ತೆ ಎಲೆ ಸಣ್ಣ, ಹೂಗು ಸಣ್ಣ. ಕಟ್ಟಿ ಹಾಕಿದ ದನಕ್ಕೆ ಹುಲ್ಲು ನಾವೇ ಹಾಕೆಡದೊ? ಹಾಂಗೇ ಇದೂ.

ಹಾಕುವ ಕ್ರಮ ಕಷ್ಟದ್ದಲ್ಲ. ಕುಂಡಕ್ಕೆ ಗೆದ್ದೆಯ ಅಂಟು ಮಣ್ಣೇ ಆಯೆಕ್ಕು. ತೆಂಗಿನ ನಾರಿನ ಹೊಡಿ, ಎರೆಗೊಬ್ಬರ ಎಲ್ಲ ತುಂಬುಸಿರೆ ತೇಲಿ ನೀರು ಹಾಳಾವುತ್ತು. ನೆಡುವಗ ಅಡಿಲಿ ಒಂದು ಮುಷ್ಟಿ, ಚೆಂದಕೆ ಹೊಡಿಯಾದ ಹಳೆ ಸಗಣ ಗೊಬ್ಬರ ಹಾಕಿ ಅದರ ಮೇಲೆ ದಪ್ಪಕೆ ಮಣ್ಣು ಹಾಕಿ. ಮತ್ತೆ ಕೊಡುದಕ್ಕೆ, ಅದೇ ಅಂಟು ಮಣ್ಣಿನ ನಿಂಬೆಹುಳಿಯಷ್ಟು ದೊಡ್ಡ ಉಂಡೆ ಮಾಡಿ. ಹತ್ತು ಇಂಚಿನ ಕುಂಡಕ್ಕೆ ಅರ್ಧ ಟೀ ಚಮಚ ಡಿ.ಎ.ಪಿ. ಸಾಕು, ಅದರ ಉಂಡೆಯ ಒಳ ಮಡುಗಿ ಮುಚ್ಚಿ. ನೆರಳಿಲಿ ಎರಡು ದಿನ ಒಣಗುಸಿ, ಕುಂಡದ ಕರೆಲಿ, ಗೆಡ್ಡೆಗೆ ಮುಟ್ಟದ್ದ ಹಾಂಗೆ ಮೂರು ಇಂಚು ಕೆಳ ನೂಕಿ. ಒಟ್ಟೆಯ ಮಣ್ಣಿಲಿ ಮುಚ್ಚಿ, ಮೇಲೆ ಸಣ್ಣ ಕಲ್ಲು ಹರಗಿ. ತಿಂಗಳಿಂಗೆ ಒಂದು ಉಂಡೆ, ಅಷ್ಟೆ. ಹೊಸ ಗೆಡ್ಡೆಗೆ ನಾಲ್ಕೈದು ಎಲೆ ಬಪ್ಪನ್ನಾರ ಹಾಕಲಾಗ. ತಾವರೆ ಆದರೆ ನೀರಿಂದ ಮೇಲೆ ಎದ್ದು ನಿಂಬ ಎಲೆ ಬಪ್ಪನ್ನಾರ ಕಾಯೆಕ್ಕು. ಇಲ್ಲದ್ದರೆ ಗೆಡ್ಡೆ ಸುಟ್ಟು ಕೊಳಗು. ಆಟಿ, ಸೋಣೆ ತಿಂಗಳ ಮಳೆಲಿ ಬೆಶಿಲೂ ಇಲ್ಲೆ, ನೀರೂ ಉಕ್ಕುತ್ತು. ಅಂಬಗ ಗೊಬ್ಬರವೇ ಬೇಡ.

ಹೂಗು ಬಾರದ್ದಕ್ಕೆಲ್ಲ ಗೊಬ್ಬರವೇ ಮದ್ದೂ ಅಲ್ಲ. ನೈದಿಲೆಗೆ ದಿನಕ್ಕೆ ಐದಾರು ಗಂಟೆ ಬೆಶಿಲು ಬೇಕು. ಅಡಕ್ಕೆ ಮರದ ನೆರಳಿಲಿ ಮಡುಗಿಕ್ಕಿ ಚೀಲಗಟ್ಳೆ ಗೊಬ್ಬರ ಹಾಕಿರೂ ಅದು ಎಲೆ ಮಾಂತ್ರ ಕೊಡುಗು. ಒಂದೆರಡು ಹಳೆ ಎಲೆ ಹಳದಿ ಅಪ್ಪದು ರೋಗ ಅಲ್ಲ. ಅದರ ಬುಡಂದ ತೆಗದು ತೆಂಗಿನ ಬುಡಕ್ಕೆ ಹಾಕಿ. ನೀರಿಲಿ ಕೊಳವಲೆ ಬಿಟ್ಟರೆ ಅದೂ ಪಾಚಿಗೇ ಊಟ. ಎಲೆಗೊ ನೀರಿನ ಅರ್ಧಂದ ಹೆಚ್ಚು ಮುಚ್ಚಿರೆ ಪಾಚಿಗೆ ಬೆಶಿಲು ಸಿಕ್ಕುತ್ತಿಲ್ಲೆ, ತುತ್ತಿನ ನೆಂಪೂ ಬೇಡ.

ನೀರಿಂದಲೇ ಉಂಬ ಗಿಡಂಗೊ ಇಲ್ಲೆ ಹೇಳಿ ಆನು ಹೇಳ್ತಿಲ್ಲೆ. ಅಂತರಗಂಗೆಯ ಬೇರು ನೀರಿಲಿಯೇ ನೇಲುತ್ತು, ಅದು ನೀರಿಲಿಪ್ಪ ಗೊಬ್ಬರವ ಹೀರಿ ಪಾಚಿಗೆ ಕಮ್ಮಿ ಮಾಡುತ್ತು. ಅದಕ್ಕೆ ಬೇರೆ ಬಳುಸೆಕ್ಕು ಹೇಳಿಯೇ ಇಲ್ಲೆ. ಹೆಚ್ಚಾದ್ದರ ವಾರಕ್ಕೊಂದರಿ ತೆಗದು ಗೊಬ್ಬರದ ಗುಂಡಿಗೆ ಹಾಕಿ. ಮರೆತೂ ತೋಡಿಂಗೆ ಇಡ್ಕೆಡಿ. ದನಕ್ಕೆ ಹೇಳಿ ಬೆಳೆಶುವ ಅಜೋಲಕ್ಕೆ ರಂಜಕವ ನೀರಿಂಗೇ ಹಾಕೆಕ್ಕು, ಸಾರಜನಕವ ಅದು ಗಾಳಿಂದ ಮಾಡಿಗೊಳ್ತು. ಅದು ಬೇರೆ ಗುಂಡಿ, ಬೇರೆ ಲೆಕ್ಕ. ಆ ಲೆಕ್ಕವ ನೈದಿಲೆ ತೊಟ್ಟಿಗೆ ತಪ್ಪಲಾಗ.

ಇನ್ನಾಣ ಸರ್ತಿ ಆರಾದರೂ "ನೀರಿಂಗೆ ಒಂದು ಚಮಚ ಹಾಕಿ" ಹೇಳಿರೆ ಜಗಳ ಮಾಡೆಡಿ, ಒಂದೇ ಪ್ರಶ್ನೆ ಕೇಳಿ: "ಅದರ ತಿಂಬದು ಆರು?" ಉತ್ತರ ಗೊಂತಿಪ್ಪವು ಆ ಚಮಚವ ನೀರಿಂಗೆ ಹಾಕವು.